ಹಳೆ ಪತ್ರ ಓದುವ ಸೊಸೆಮಗಳಿಗೆ

ನಿಮ್ಮ ತಾತನ ಕಾಲದ ಪತ್ರಗಳು ಅರ್ಥವಾಗುತ್ತಿಲ್ಲ ಅಂದೆಯಲ್ಲ ತಾಯಿ, ವಕೀಲರ ಮುಂದೆ ಕೂರುವ ಮೊದಲು ಇಷ್ಟು ಗೊತ್ತಿರಲಿ.

• ತಲೆಬರಹ ನೋಡು, ಆದರೆ ಅದನ್ನೇ ನಂಬಬೇಡ. ‘ಶುದ್ಧ ಕ್ರಯ’ ಅಂದರೆ ಪೂರ್ತಿ ಮಾರಾಟ. ‘ಭೋಗ್ಯ’ ಅಂದರೆ ಸಾಲಕ್ಕೆ ಜಮೀನನ್ನೇ ಅನುಭವಕ್ಕೆ ಬಿಟ್ಟದ್ದು. ಬಡ್ಡಿಗೆ ಬದಲು ಬೆಳೆ ಸಾಲ ಕೊಟ್ಟವನದು, ಒಡೆತನ ತಾತನದೇ. ಸಾಲ ತೀರಿದ್ದರೆ ಖುಲಾಸೆ ಪತ್ರ ಇದೆಯೇ ಹುಡುಕು. ಇವೆರಡರ ನಡುವೆ ‘ಅವಧಿ ಕ್ರಯ’ ಅಂತೊಂದಿದೆ: ಇಂತಿಷ್ಟು ವರ್ಷದೊಳಗೆ ಹಣ ಕೊಟ್ಟರೆ ಜಮೀನು ವಾಪಸ್, ಇಲ್ಲದಿದ್ದರೆ ಕೊಂಡವನದೇ. ಕಷ್ಟಕಾಲದಲ್ಲಿ ರೈತನ ಕೈಲಿ ಬರೆಸಿಕೊಳ್ಳುತ್ತಿದ್ದ ಪತ್ರ ಇದು, ನನಗಂತೂ ಇದರ ಮೇಲೆ ಯಾವತ್ತೂ ಗುಮಾನಿ. ಅಡಮಾನವೋ ಮಾರಾಟವೋ ಅನ್ನುವ ಜಗಳ ಹುಟ್ಟುವುದೇ ಇಲ್ಲಿ. ವಾಪಸು ಕೊಡುವ ಷರತ್ತು ಅದೇ ಪತ್ರದೊಳಗೆ ಇಲ್ಲದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಅದನ್ನು ಅಡಮಾನ ಅನ್ನಲಾಗದು. ಇಂಥದ್ದು ಸಿಕ್ಕರೆ ವಕೀಲರಿಗೆ ಮೊದಲು ಅದನ್ನೇ ತೋರಿಸು.

• ‘ನಿಧಿ ನಿಕ್ಷೇಪ ಜಲ ಪಾಷಾಣ’ ಅಂತ ಪತ್ರದಲ್ಲಿದ್ದರೆ ಹಿಗ್ಗಬೇಡ. ಶಾಸನಗಳ ಕಾಲದಿಂದ ಬಂದ ಅಷ್ಟಭೋಗದ, ಅಂದರೆ ಎಂಟು ಬಗೆಯ ಹಕ್ಕುಗಳ, ಮಾತು ಅದು. ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಲೇಬೇಕು.

• ಚಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿನ ಗಡಿಯನ್ನು, ಜಮೀನಿನಲ್ಲೇ ನಿಂತು ಓದು. ‘ಪೂರ್ವಕ್ಕೆ ಹಳ್ಳ’ ಅಂತಿದ್ದರೆ ಹಳ್ಳ ಇರಬೇಕಷ್ಟೆ.

• ಪಹಣಿಯಲ್ಲಿ ವಿಸ್ತೀರ್ಣ ನೋಡಿ ಖುಷಿಪಡುವ ಮೊದಲು ಖರಾಬು ಕಳೆ. ‘ಅ’ ಖರಾಬು ಬಂಡೆ, ಕೊರಕಲಿನಂಥ ಸಾಗುವಳಿಗೆ ಬಾರದ ನೆಲ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕರ ಪಾಲು, ಅದರ ಮೇಲೆ ಕಣ್ಣು ಹಾಕಬೇಡ. 2 ಎಕರೆ 10 ಗುಂಟೆಯಲ್ಲಿ 6 ಗುಂಟೆ ‘ಬ’ ಖರಾಬಿದ್ದರೆ ಉಳಿಯುವುದು 2 ಎಕರೆ 4 ಗುಂಟೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಗುಂಟೆ ಅಂದರೆ 1,089 ಚದರ ಅಡಿ. ಕಾಲಂ 9ರಲ್ಲಿ ಹೆಸರು ನೋಡಿ ಪುಟ ಮಡಚಬೇಡ, ಸಾಲಸೋಲ ಇರುವುದು ಕಾಲಂ 11ರಲ್ಲಿ.

• ಹಳೆ ಪಹಣಿಯ ಕಾಲಂ 12ರಲ್ಲಿ ಗೇಣಿದಾರನ ಹೆಸರಿದ್ದರೆ ಅಲ್ಲೇ ನಿಲ್ಲು. ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿದವು. ಗೇಣಿದಾರ ಹಕ್ಕು ಕೇಳಿ ನಮೂನೆ 7ರ ಅರ್ಜಿ ಹಾಕಿದ್ದನೇ, ಭೂ ನ್ಯಾಯಮಂಡಳಿ ಏನು ಆದೇಶ ಕೊಟ್ಟಿತು, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸು.

• ‘ದರಖಾಸ್ತು’, ‘ಸಾಗುವಳಿ ಚೀಟಿ’ ಅಂದರೆ ಸರ್ಕಾರ ಮಂಜೂರು ಮಾಡಿದ ಜಮೀನು. ಚೀಟಿಯ ಷರತ್ತುಗಳನ್ನು ಪೂರ್ತಿ ಓದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆಯಂತೆ ಆ ಕ್ರಯ ಊರ್ಜಿತವಾಗದು. ಯಾರಾದರೂ ಅಗ್ಗಕ್ಕೆ ಕೊಡುತ್ತೇವೆ ಅಂದರೆ ದೂರವಿರು.

• ‘ಪೌತಿ ಖಾತೆ’ ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗುವುದು. ನಿಮ್ಮಣ್ಣನ ಹೆಸರಿಗಷ್ಟೇ ಖಾತೆಯಾಗಿದೆ ಅಂದಮಾತ್ರಕ್ಕೆ ನಿನ್ನ ಪಾಲು ಹೋಗಲಿಲ್ಲ.

• ‘ಅರಿಶಿನ ಕುಂಕುಮಕ್ಕೆ’ ಅನ್ನುವ ಮಾತು ಎರಡು ಕಡೆ ಬರುತ್ತದೆ. ಹೆಣ್ಣುಮಕ್ಕಳಿಗೆ ಕೊಟ್ಟ ದಾನಪತ್ರದಲ್ಲಿ ಬಂದರೆ ಸಂತೋಷ. ಹಕ್ಕುಬಿಡುಗಡೆ ಪತ್ರದಲ್ಲಿ ಬಂದರೆ, ಒಂದಿಷ್ಟು ದುಡ್ಡು ಕೈಗಿಟ್ಟು ಪಾಲು ಬಿಡಿಸಿಕೊಂಡರು ಅಂತ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ವಿಭಾಗಪತ್ರ ನೋಂದಣಿಯಾಗಿದ್ದರೆ ಮಾತು ಬೇರೆ. ನಿಮ್ಮಣ್ಣ ಸಹಿಗೆ ಕಾಗದ ತಂದರೆ ಎರಡು ದಿನ ಇಟ್ಟುಕೊಂಡು ಓದುತ್ತೇನೆ ಅನ್ನು. ಮುನಿಸಿಕೊಂಡರೆ ಮಾವನೇ ಹಾಗೆ ಹೇಳಿದ್ದು ಅನ್ನು, ನನ್ನ ಹತ್ತಿರ ಬರಲಿ.