ಮಗಳ ತಟ್ಟೆಯ ಹಕ್ಕು

ಆಹಾರದ ವಿಷಯದಲ್ಲಿ ಪವಿತ್ರ ಕುರ್‌ಆನ್ ಎರಡು ಗುಣಗಳನ್ನು ಜೊತೆಯಾಗಿ ಹೇಳುತ್ತದೆ (2:168). ಒಂದು ಹಲಾಲ್, ಅಂದರೆ ಧರ್ಮಸಮ್ಮತ. ಇನ್ನೊಂದು ತಯ್ಯಿಬ್, ಅಂದರೆ ಶುದ್ಧ ಹಾಗೂ ಉತ್ತಮ. ಮೊದಲನೆಯದನ್ನು ಮಾಂಸದ ಅಂಗಡಿಯ ಮುಂದೆ ನಿಂತು ಜಾಗರೂಕತೆಯಿಂದ ವಿಚಾರಿಸುತ್ತೇವೆ. ಎರಡನೆಯದನ್ನು ವಿಚಾರಿಸುವವರು ಕಡಿಮೆ. ಹದಿಹರೆಯದ ಹೆಣ್ಣುಮಗಳ ಮಟ್ಟಿಗಂತೂ ಈ ಪ್ರಶ್ನೆ ಏಳುವುದೇ ಅಪರೂಪ.

ಕೂಲಿ, ಬೀಡಿ, ತಳ್ಳುಗಾಡಿಯ ಸಂಪಾದನೆಯಲ್ಲಿ ನಡೆಯುವ ಅನೇಕ ಮನೆಗಳ ಹುಡುಗಿಯರ ದಿನಚರಿಯನ್ನು ಗಮನಿಸಿರಿ. ಬೆಳಿಗ್ಗೆ ಚಹಾ, ಜೊತೆಗೆ ಒಂದು ಬನ್ನು. ಕೆಲವೊಮ್ಮೆ ಅದೂ ಇಲ್ಲ. ಶಾಲೆಯ ಬಳಿ ಐದು ರೂಪಾಯಿಯ ಕುರುಕಲು ಪೊಟ್ಟಣ. ರಾತ್ರಿ ತಂದೆ ಮತ್ತು ಅಣ್ಣತಮ್ಮಂದಿರು ಉಂಡು ಎದ್ದ ಮೇಲೆ ತಾಯಿಯೊಂದಿಗೆ ಅನ್ನ, ಉಳಿದ ಸಾರು. ಮೀನು, ಮೊಟ್ಟೆ ಆ ಹೊತ್ತಿಗೆ ಮುಗಿದಿರುತ್ತದೆ. ಹೊಟ್ಟೆಯೇನೋ ತುಂಬುತ್ತದೆ, ಮೈಗೆ ರಕ್ತ ಕೂಡುವುದಿಲ್ಲ.

ಸೋಮಾರಿತನವೋ, ರೋಗವೋ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಹುಡುಗರಲ್ಲಿ ಇದು ಶೇ. 31. ಮೈ ಬೆಳೆಯುವ ಕಾಲದಲ್ಲೇ ಹುಡುಗಿಯರಿಗೆ ತಿಂಗಳ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಆದ್ದರಿಂದಲೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ 22 ಮಿಲಿಗ್ರಾಂ ಕಬ್ಬಿಣಾಂಶವನ್ನೂ ಹುಡುಗಿಗೆ 30 ಮಿಲಿಗ್ರಾಂ ಅನ್ನೂ ನಿಗದಿಪಡಿಸಿತು. ಹೆಚ್ಚು ಬೇಕಾದವಳ ತಟ್ಟೆಗೇ ನಾವು ಕಡಿಮೆ ಬಡಿಸುತ್ತಿದ್ದೇವೆ.

ದಣಿವು, ತಲೆಸುತ್ತು, ಮೆಟ್ಟಿಲು ಹತ್ತುವಾಗ ಏದುಸಿರು, ಪಾಠದಲ್ಲಿ ಗಮನವಿಲ್ಲದಿರುವುದು ರಕ್ತಹೀನತೆಯ ಲಕ್ಷಣಗಳು. ನಾವೋ ಸೋಮಾರಿಯೆಂದು ಗದರಿಸುತ್ತೇವೆ. ನಾಳೆ ಅವಳು ತಾಯಿಯಾಗುವಾಗ ಇದೇ ಕೊರತೆ ಹೆರಿಗೆಯಲ್ಲಿ ಅವಳ ಪ್ರಾಣಕ್ಕೂ ಅಪಾಯ ತರಬಹುದು. ಮದುವೆಗೆಂದು ಚಿನ್ನ ಕೂಡಿಡುವ ಹೆತ್ತವರು ಈ ಕುರಿತು ಆಲೋಚಿಸಬೇಕು.

ಮೂರು ಖರ್ಜೂರಗಳು

ಸಹೀಹ್ ಮುಸ್ಲಿಮ್‌ನಲ್ಲಿ ಒಂದು ಘಟನೆಯಿದೆ. ಬಡ ಸ್ತ್ರೀಯೊಬ್ಬಳು ಇಬ್ಬರು ಹೆಣ್ಣುಮಕ್ಕಳೊಂದಿಗೆ ಹ. ಆಯಿಶಾ(ರ)ರ ಬಳಿಗೆ ಬಂದಳು. ಅವರು ಮೂರು ಖರ್ಜೂರ ನೀಡಿದರು. ಆಕೆ ಮಕ್ಕಳಿಗೆ ಒಂದೊಂದು ಕೊಟ್ಟು, ಮೂರನೆಯದನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಮಕ್ಕಳು ಅದನ್ನೂ ಕೇಳಿದರು. ಅದನ್ನೂ ಸೀಳಿ ಇಬ್ಬರಿಗೂ ಹಂಚಿದಳು. ಈ ಕಾರ್ಯಕ್ಕಾಗಿ ಅಲ್ಲಾಹನು ಆಕೆಗೆ ಸ್ವರ್ಗವನ್ನು ಖಚಿತಗೊಳಿಸಿದನೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಹೆಣ್ಣುಮಗಳ ಬಾಯಿಗೆ ಹೋದ ಒಂದು ತುತ್ತಿಗೆ ಎಂತಹ ಬೆಲೆ! ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ಅವರು(ಸ) ಕಟ್ಟುನಿಟ್ಟಾಗಿ ಆದೇಶಿಸಿದ್ದಾರೆ. ಆ ನ್ಯಾಯ ಆಸ್ತಿ ಹಂಚುವ ದಿನದವರೆಗೆ ಕಾಯುವಂಥದ್ದಲ್ಲ, ಇಂದಿನ ರಾತ್ರಿಯೂಟದಲ್ಲೇ ಆರಂಭವಾಗಲಿ.

ರಮಝಾನಿನಲ್ಲಿ

ಮುಟ್ಟಿನ ದಿನಗಳಲ್ಲಿ ಉಪವಾಸವಿಲ್ಲ. ಅದನ್ನು ಅನಂತರ ಕಝಾ ಮಾಡಬೇಕು. ಆದರೂ ಎಷ್ಟೋ ಹುಡುಗಿಯರು ಅಣ್ಣತಮ್ಮಂದಿರಿಗೆ ತಿಳಿಯದಿರಲೆಂದು ನಾಚಿಕೆಯಿಂದ ಸಂಜೆಯವರೆಗೆ ಹಸಿದಿರುತ್ತಾರೆ. ಈ ಹಸಿವು ಉಪವಾಸವಾಗಿ ಪರಿಗಣಿತವಾಗುವುದಿಲ್ಲ. ತಾಯಂದಿರೇ, ಅಡುಗೆಮನೆಯಲ್ಲಿ ಅವಳಿಗಾಗಿ ಒಂದು ತಟ್ಟೆ ತೆಗೆದಿಡಿ. ಉಳಿದ ದಿನಗಳಲ್ಲಿ ಅವಳು ಸಹರಿ ತಪ್ಪಿಸದಂತೆ ನೋಡಿಕೊಳ್ಳಿ.

ಏನು ಮಾಡಬಹುದು?

1. ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳಿ. ಸಾಧ್ಯವಾಗದಿದ್ದರೆ ಮಗಳ ಮತ್ತು ತಾಯಿಯ ಪಾಲನ್ನು ಮೊದಲೇ ತೆಗೆದಿಡಿ.

2. ಹುರುಳಿಕಾಳು, ಹರಿವೆ, ನುಗ್ಗೆಸೊಪ್ಪು, ರಾಗಿ ಬಡವರಿಗೂ ಎಟಕುತ್ತವೆ. ಊಟಕ್ಕೆ ಲಿಂಬೆರಸ ಹಿಂಡಿದರೆ ಅಥವಾ ನೆಲ್ಲಿಕಾಯಿ ತಿಂದರೆ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹಿಡಿಯುತ್ತದೆ. ಮಾಂಸ, ಲಿವರ್, ಮೀನಿನ ಕಬ್ಬಿಣಾಂಶ ಇನ್ನೂ ಸುಲಭವಾಗಿ ಹಿಡಿಯುತ್ತದೆ. ತಂದಾಗ ಅವಳಿಗೂ ಸಮಪಾಲು ಸಿಗಲಿ.

3. ಊಟದ ಜೊತೆಗೆ ಚಹಾ ಬೇಡ. ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ಒಂದು ಗಂಟೆಯ ಅಂತರವಿರಲಿ.

4. ಸರಕಾರಿ ಶಾಲೆಗಳಲ್ಲೂ, ಶಾಲೆ ಬಿಟ್ಟವರಿಗೆ ಅಂಗನವಾಡಿಗಳಲ್ಲೂ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಉಚಿತವಾಗಿ ಸಿಗುತ್ತದೆ. ಮಲ ಕಪ್ಪಾದರೆ ಹೆದರಬೇಕಿಲ್ಲ. ಊಟದ ನಂತರ ಸೇವಿಸಲಿ. ರಮಝಾನಿನಲ್ಲಿ ಇಫ್ತಾರಿನ ಊಟದ ಬಳಿಕ. ಜಂತುಹುಳದ ಮಾತ್ರೆಯನ್ನೂ ತಪ್ಪಿಸಬೇಡಿ.

5. ದಣಿವು ಬಿಡದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷಿಸಿರಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ವೈದ್ಯರ ಸಲಹೆ ಪಡೆಯಿರಿ.

ಪ್ರಿಯ ಸಹೋದರಿಯರೇ, ನಿಮ್ಮ ಶರೀರಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬೆಳಗಿನ ಉಪಾಹಾರ ಬಿಟ್ಟು ಆ ಹಕ್ಕನ್ನು ಕಸಿಯಬೇಡಿ. ಹೆತ್ತವರೇ, ಮಗಳು ಅಲ್ಲಾಹನು ನಿಮಗೊಪ್ಪಿಸಿದ ಅಮಾನತ್. ಅದರ ಲೆಕ್ಕ ಕೇಳುವ ದಿನ ಬರಲಿದೆ. ನಮ್ಮ ಮನೆಗಳಲ್ಲಿ ನ್ಯಾಯವನ್ನೂ ಆರೋಗ್ಯವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.