ತಾಯ್ನುಡಿಯ ಪತ್ರಿಕೆಗೆ ಬೇರೆ ಕಾನೂನು



ಮಹಾಂತೇಶ ನಗರದ ನಮ್ಮ ಮನೆಗಳಲ್ಲಿ ಒಬ್ಬರ ಮಾತು ಕನ್ನಡ, ಇನ್ನೊಬ್ಬರದು ಕೊಂಕಣಿ, ಮತ್ತೊಬ್ಬರದು ಮರಾಠಿ. ಅವರವರ ಭಾಷೆಯ ಪತ್ರಿಕೆ ಅವರವರು ಓದುತ್ತಾರೆ. ಒಂದು ಕಾಲದಲ್ಲಿ ಈ ಭಾಷೆಗಳಲ್ಲಿ ಅಚ್ಚು ಹಾಕುವವನ ಮೇಲೆ ಸರಕಾರದ ಕಣ್ಣಿತ್ತೆಂದು ಮಕ್ಕಳಿಗೆ ಹೇಳಿದ್ದೀರಾ?

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ತಂದವರು ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್. ಅವರು ಪ್ರೊಟೆಸ್ಟೆಂಟರು, ನಮ್ಮ ಧರ್ಮಸಭೆಯವರಲ್ಲ. ಆದರೂ ಉಪಕಾರ ಉಪಕಾರವೇ. ಕಲ್ಲಚ್ಚಿನ ಆ ಪಾಕ್ಷಿಕ ಊರ ಸುದ್ದಿಯನ್ನೂ ಸರಕಾರದ ಆಜ್ಞೆಗಳನ್ನೂ ಜನರ ಮಾತಿನಲ್ಲೇ ತಿಳಿಸಿತು.

ಜನರಿಗೆ ತಿಳಿಯತೊಡಗಿದ್ದೇ ಮುಂದೆ ಆಳುವವರಿಗೆ ತೊಡಕಾಯಿತು. 1878ರಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ದೇಶಭಾಷೆಯ ಪತ್ರಿಕೆಗಳಿಗೆಂದೇ ಒಂದು ಕಾಯಿದೆ ತಂದರು. ಮದ್ರಾಸ್ ಪ್ರಾಂತ ಅದರಿಂದ ಹೊರಗುಳಿಯಿತು. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಬೆಳಗಾವಿ, ಖಾನಾಪುರ ಸಿಕ್ಕಿಬಿದ್ದವು. ಮ್ಯಾಜಿಸ್ಟ್ರೇಟರು ಮುದ್ರಕನಿಂದ ಮುಚ್ಚಳಿಕೆ ಬರೆಸಿ ಠೇವಣಿ ಇಡಿಸಬಹುದಿತ್ತು, ತಪ್ಪು ಕಂಡರೆ ಅಚ್ಚಿನ ಯಂತ್ರವನ್ನೇ ಜಪ್ತಿ ಮಾಡಬಹುದಿತ್ತು. ಕೋರ್ಟಿಗೆ ಹೋಗುವಂತಿರಲಿಲ್ಲ. ಅದೇ ಟೀಕೆ ಇಂಗ್ಲಿಷಿನಲ್ಲಿದ್ದರೆ ಈ ಕಾಯಿದೆ ಮುಟ್ಟುತ್ತಿರಲಿಲ್ಲ! ಬಂಗಾಳದ ‘ಅಮೃತ ಬಜಾರ್ ಪತ್ರಿಕಾ’ ತಪ್ಪಿಸಿಕೊಳ್ಳಲು ಪೂರ್ತಿ ಇಂಗ್ಲಿಷಿಗೆ ತಿರುಗಿತು. ಪತ್ರಿಕೆಯೇನೋ ಉಳಿಯಿತು, ಬಂಗಾಳಿ ಮಾತ್ರ ಬಲ್ಲವನ ಕೈಗೆ ಏನು ಉಳಿಯಿತು?

ಲಾರ್ಡ್ ರಿಪನ್ 1882ರಲ್ಲಿ ಅದನ್ನು ರದ್ದು ಮಾಡಿದರು. 1921ರಲ್ಲಿ ‘ಸಂಯುಕ್ತ ಕರ್ನಾಟಕ’ ಹುಟ್ಟಿದ್ದು ಇದೇ ಬೆಳಗಾವಿಯಲ್ಲಿ. ಹುಬ್ಬಳ್ಳಿಗೆ ಹೋದದ್ದು ಆಮೇಲೆ.

ಈ ಭಾನುವಾರ ಊಟವಾದ ಮೇಲೆ ಮಕ್ಕಳನ್ನು ಕೇಳಿ: ಪೆಂತಕೋಸ್ತಿನ ದಿನ ಜೆರುಸಲೇಮಿನಲ್ಲಿ ಕೂಡಿದ್ದ ಪರದೇಶದವರು ಪ್ರೇಷಿತರ ಮಾತನ್ನು ಯಾವ ಭಾಷೆಯಲ್ಲಿ ಕೇಳಿದರು, ಆಳುವವರ ಲತೀನಿನಲ್ಲೋ? ಪ್ರೇಷಿತರ ಕಾರ್ಯಕಲಾಪಗಳು, 2ನೇ ಅಧ್ಯಾಯ. ಅವರೇ ಹುಡುಕಿ ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಲಿ.