ಬೆಂಕಿ ರೋಗ ಎಲೆಯೊಳಕ್ಕೆ ನುಗ್ಗುವುದು ಹೇಗೆ?



ಭತ್ತದ ಎಲೆಯ ಮೇಲೆ ಕದಿರಿನ ಆಕಾರದ ಚುಕ್ಕೆಗಳೆದ್ದು, ನಡುವೆ ಬೂದಿ ಬಣ್ಣ, ಅಂಚಿಗೆ ಕಂದು ಬಣ್ಣ ಕಂಡರೆ ಅದು ಬೆಂಕಿ ರೋಗ. ಇದು ಯಾರ ಕಣ್ಣು ತಾಗಿದ್ದೂ ಅಲ್ಲ, ಗಾಳಿಯ ದೋಷವೂ ಅಲ್ಲ. ಒಂದು ಬೂಷ್ಟಿನ ಕೆಲಸ.

ಇದರ ಬೀಜಕಣ ಗಾಳಿಯಲ್ಲಿ ಹಾರಿ ಬಂದು ಎಲೆಯ ಮೇಲೆ ಕೂರುತ್ತದೆ. ಇಬ್ಬನಿ ತಗಲಿದೊಡನೆ ತುದಿಯಿಂದ ಅಂಟು ಬಿಟ್ಟು ಕಚ್ಚಿಕೊಳ್ಳುತ್ತದೆ. ಕೆಲವು ಗಂಟೆಗಳಲ್ಲಿ ಮೊಳೆತು, ಮೊಳಕೆಯ ಕೊನೆಗೆ ಗುಮ್ಮಟದಂಥ ಸಣ್ಣ ಗುಳ್ಳೆ ಕಟ್ಟುತ್ತದೆ. ಎಲೆಯ ಮೇಲ್ಗಡೆ ಅದಕ್ಕೆ ಆಹಾರವಿಲ್ಲ. ಆದರೂ ಸಾಯದು! ಬುತ್ತಿ ಕಟ್ಟಿಕೊಂಡೇ ಬಂದಿರುತ್ತದೆ. ತನ್ನೊಳಗಿನ ಕೊಬ್ಬು, ಸಕ್ಕರೆಗಳನ್ನು ಕರಗಿಸಿ ಗ್ಲಿಸರಿನ್ ಮಾಡಿಕೊಳ್ಳುತ್ತದೆ. ಗುಳ್ಳೆಯ ಗೋಡೆಗೆ ಕಪ್ಪು ಲೇಪ ಬಳಿದುಕೊಳ್ಳುತ್ತದೆ. ಈ ಲೇಪ ನೀರನ್ನು ಒಳಗೆ ಬಿಡುತ್ತದೆ, ಗ್ಲಿಸರಿನನ್ನು ಹೊರಗೆ ಬಿಡದು. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವಂತೆ ಗುಳ್ಳೆ ನೀರು ಹೀರಿ ಬಿಗಿಯುತ್ತದೆ. ಒಳಗಿನ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 80 ಪಟ್ಟು ಎಂದು 1991ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಟ್ರ್ಯಾಕ್ಟರ್ ಚಕ್ರದ ಗಾಳಿ ಇದರ ಮುಂದೆ ಏನೂ ಅಲ್ಲ. ಆ ಬಲದಿಂದ ಗುಳ್ಳೆಯ ಅಡಿಯಲ್ಲಿ ಸೂಜಿಯಂಥ ಮೊನೆ ಎದ್ದು ಎಲೆಯ ಸಿಪ್ಪೆಯನ್ನು ತೂರುತ್ತದೆ. ನಾಲ್ಕೈದು ದಿನಕ್ಕೆ ಚುಕ್ಕೆ. ಆ ಚುಕ್ಕೆಯಿಂದ ಮತ್ತೆ ಸಾವಿರಾರು ಬೀಜಕಣ.

ತೆನೆಯ ಕುತ್ತಿಗೆಗೆ ತಗಲಿದರೆ ಹೆಚ್ಚು ನಷ್ಟ. ಕುತ್ತಿಗೆ ಕಪ್ಪಾಗಿ ತೆನೆ ಬಾಗುತ್ತದೆ, ಕಾಳು ಜೊಳ್ಳಾಗುತ್ತದೆ. ವರ್ಷದ ದುಡಿಮೆ ಹದಿನೈದು ದಿನದಲ್ಲಿ ಹೋದೀತು.

ಈಗ ಯೋಚಿಸಿ ನೋಡಿ. ಈ ಬೂಷ್ಟಿಗೆ ಬೇಕಾದದ್ದು ರಾತ್ರಿಯೆಲ್ಲ ಒದ್ದೆಯಾಗಿರುವ ಮೆತ್ತನೆಯ ಎಲೆ. ಯೂರಿಯಾ ಸುರಿದಾಗ ನಾವು ಬೆಳೆಸುವುದು ಅಂಥದ್ದನ್ನೇ! ಪೈರು ಕಡುಹಸಿರಾಗಿ ಒತ್ತಾಗಿ ಬೆಳೆದರೆ ಕಣ್ಣಿಗೇನೋ ಹಬ್ಬ, ಆದರೆ ಇಬ್ಬನಿ ಆರುವುದಿಲ್ಲ. ಯೂರಿಯಾವನ್ನು ಎರಡು ಮೂರು ಕಂತಾಗಿ ಕೊಡಿ. ಚುಕ್ಕೆ ಕಂಡ ಮೇಲೆ ಸದ್ಯಕ್ಕೆ ನಿಲ್ಲಿಸಿ. ಗದ್ದೆಯಲ್ಲಿ ನೀರು ಆರದಂತೆ ನೋಡಿಕೊಳ್ಳಿ. ನೀರಿಲ್ಲದೆ ಸೊರಗಿದ ಪೈರಿಗೆ ರೋಗ ಬೇಗ ಹತ್ತುತ್ತದೆ.

ಸುಗ್ಗಿ ಮುಗಿದರೂ ಬೂಷ್ಟು ಸಾಯದು. ಒಣಹುಲ್ಲಿನಲ್ಲಿ, ಬೀಜದಲ್ಲಿ, ಬದುವಿನ ಕಳೆಹುಲ್ಲಿನಲ್ಲಿ ಮುಂದಿನ ಮಳೆಗಾಲಕ್ಕೆ ಕಾದಿರುತ್ತದೆ. ರೋಗ ಬಂದ ಗದ್ದೆಯ ಭತ್ತವನ್ನು ಬೀಜಕ್ಕೆ ಇಡಬೇಡಿ. ಬೇರೆ ಬೀಜವನ್ನೂ ಕಿಲೋಗೆ 2 ಗ್ರಾಂ ಕಾರ್ಬೆಂಡಜಿಮ್ ಬೆರೆಸಿಯೇ ಬಿತ್ತಿ. ರಾಗಿಗೂ ಇದೇ ಜಾತಿಯ ಬೂಷ್ಟು ಬೀಳುತ್ತದೆ. ಅದನ್ನು ತಡೆಯುವ ಜಿ.ಪಿ.ಯು. 28ರಂಥ ತಳಿಗಳಿವೆ. ನಿಮ್ಮ ಭೂಮಿಗೆ ಹೊಂದುವ ತಳಿ ಯಾವುದೆಂದು ಬಿತ್ತನೆಗೆ ಮುಂಚೆಯೇ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ.